ತಾತನ ಹೊಟ್ಟೆಯಲ್ಲಿ ಹದಿನಾಲ್ಕು ಬರಹ

ಪುಂಡಿಪಲ್ಯದ ಸೊಪ್ಪಿನ ಎರಡನೇ ಕಟ್ಟು ಬಿಡಿಸುತ್ತಿದ್ದ ಗುರುದೇವಿಯ ಕೈ ನಿಂತಿತು.

ಟಿಕ್. ಟಿಕ್. ಟಿಕ್.

ಆಮೇಲೆ ಏನೂ ಇಲ್ಲ.

ಸದ್ದು ಬಂದದ್ದು ಹಾಲಿನ ಮೂಲೆಯಿಂದ. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಮೂರು ವರ್ಷದಿಂದ ಒಂದು ದಿನವೂ ಆರದೆ ನಡೆಯುತ್ತಿತ್ತು. ಗಂಡ ಭೀಮಾಶಂಕರ ಅದನ್ನು ಸರ್ವರ್ ಎನ್ನುತ್ತಿದ್ದ. ಸದಾ ಗೊಣಗುವುದರಿಂದ ಮಗಳು ಉಮಾಶ್ರೀ ಅದಕ್ಕೆ ‘ತಾತ’ ಎಂದು ಹೆಸರಿಟ್ಟಿದ್ದಳು. ಮನೆಯ ಫೋಟೋ, ಹಾಡು, ಬ್ಯಾಂಕಿನ ಕಾಗದ, ಎಲ್ಲವೂ ತಾತನ ಹೊಟ್ಟೆಯಲ್ಲಿ.

ಬಾಲಾನಗರದ ಕಾರ್ಖಾನೆಯೊಂದರಲ್ಲಿ ವಿಮಾನದ ಉಪಕರಣಗಳನ್ನು ಪರೀಕ್ಷಿಸುತ್ತ ಇಪ್ಪತ್ತೆರಡು ವರ್ಷ ಕಳೆದವಳು ಗುರುದೇವಿ. ಯಂತ್ರದ ಯಾವ ಸದ್ದು ಕೆಮ್ಮು, ಯಾವುದು ಕೊನೆಯುಸಿರು ಎಂದು ಅವಳ ಕಿವಿಗೆ ಗೊತ್ತು.

“ರೀ, ತಾತ ಹೋದ್ರು.”

ಒಂದು ಕೆನ್ನೆ ಬೋಳಿಸಿ ಇನ್ನೊಂದರಲ್ಲಿ ಸೋಪಿನ ನೊರೆ ಹೊತ್ತ ಭೀಮಾಶಂಕರ ಬಚ್ಚಲಿನಿಂದ ಓಡಿ ಬಂದ. “ಯಾರ ತಾತ?”

“ನಮ್ಮ ತಾತ. ಹಾರ್ಡ್ ಡಿಸ್ಕ್.”

ಅವನು ನಕ್ಕುಬಿಟ್ಟ. ಮಾಧಾಪುರದ ಕಂಪನಿಯಲ್ಲಿ ನೂರಾರು ಸರ್ವರ್ ಕಾಯುವುದೇ ಅವನ ಕೆಲಸ. “ಅಷ್ಟ ಏನು? ಹಾರ್ಡ್ ಡಿಸ್ಕ್ ಅಂದ್ಮ್ಯಾಲ ಒಂದಿನ ಸಾಯೂದ. ಅದಕ್ಕ ಬ್ಯಾಕಪ್ ಇಟ್ಟೀನಿ. ಇವತ್ತೂ ಮುಂಜಾನಿ ಆರಕ್ಕ ಪೂರಾ ಕಾಪಿ ಆಗೈತಿ.”

ಬೀರುವಿನಲ್ಲಿದ್ದ ಹೊಸ ಡಿಸ್ಕನ್ನು ತಂದು ತಾತನಿಗೆ ಹಾಕಿದ. ಬ್ಯಾಕಪ್ ಡಿಸ್ಕಿನಿಂದ ಎಲ್ಲವನ್ನೂ ಮರಳಿ ತುಂಬಿದ. ಮಧ್ಯಾಹ್ನದ ಊಟದ ಹೊತ್ತಿಗೆ ತಾತ ಮತ್ತೆ ಗೊಣಗತೊಡಗಿತು.

“ಬಂತು ನೋಡು! ಫೋಟೋ ಬಂತು. ಹಾಡು ಬಂತು. ಬ್ಯಾಂಕಿನದು ಬಂತು.”

ಗುರುದೇವಿ ಕೈ ಒರೆಸಿಕೊಂಡು ಬಂದು ನೋಡಿದಳು. ಮತ್ತೊಮ್ಮೆ ನೋಡಿದಳು.

“ನಂದು ಎಲ್ಲಿ?”

‘ಪರೀಕ್ಷಾ ವಿಭಾಗ’ ಎಂಬ ಫೋಲ್ಡರ್ ಇರಲಿಲ್ಲ. ಅದರಲ್ಲಿ ಹದಿನಾಲ್ಕು ಬರಹಗಳಿದ್ದವು. ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ತಂತಿ ಬೆಸೆದ, ಸುರುಳಿ ಸುತ್ತಿದ, ಹೆರಿಗೆಯ ಹಿಂದಿನ ದಿನದವರೆಗೂ ಕೆಲಸಕ್ಕೆ ಬಂದ ಹೆಂಗಸರ ಬಗ್ಗೆ ಅವಳು ಬರೆದ ಬರಹಗಳು. ಗುಲಬರ್ಗಾದ ಪ್ರಕಾಶಕರೊಬ್ಬರು ತಿಂಗಳ ಕೊನೆಗೆ ಕಳಿಸಿ ಎಂದಿದ್ದರು. ಉಳಿದದ್ದು ಒಂಬತ್ತು ದಿನ. ಎಲ್ಲ ಮುಗಿದ ಮೇಲೆ ಒಟ್ಟಿಗೇ ಪ್ರಿಂಟ್ ತೆಗೆದರಾಯಿತು ಎಂದು ಒಂದು ಹಾಳೆಯನ್ನೂ ತೆಗೆದಿರಲಿಲ್ಲ. ಮಲಗುವ ಕೋಣೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೂ ಉಳಿಸುತ್ತಿದ್ದದ್ದು ತಾತನಲ್ಲೇ. ಅಲ್ಲಿಟ್ಟರೆ ಎಂದೂ ಹೋಗುವುದಿಲ್ಲ ಎಂದವನು ಭೀಮಾಶಂಕರ.

ಅವನ ನಗು ಮಾಯವಾಯಿತು. “ಸತ್ತ ಡಿಸ್ಕಿನಿಂದ ತಗೀಬಹುದೇನೋ… ಆದ್ರ ಅದರ ಸದ್ದು ಕೇಳಿದ್ರ ಆಸೆ ಇಲ್ಲ.”

ಕಾರ್ಖಾನೆಯಲ್ಲಿ ಉಪಕರಣವೊಂದು ಕೈಕೊಟ್ಟಾಗ ಗುರುದೇವಿ ಯಾರ ಮೇಲೂ ಕೂಗುತ್ತಿರಲಿಲ್ಲ. ಕುರ್ಚಿ ಎಳೆದು ಕೂತು ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಈಗಲೂ ಕುರ್ಚಿ ಎಳೆದಳು.

“ಉಮಾ, ಗುರುವಾರ ನೀ ಅದರಾಗ ಏನೋ ಅಳಸಾಕತ್ತಿದ್ದಿ.”

“ನನ್ನ ಸಿನಿಮಾ ಅಷ್ಟ ಅಮ್ಮಾ! ಎರಡು ಅಳಿಸಿ ಮೂರು ಹಾಕೀನಿ.”

“ನನ್ನ ಫೋಲ್ಡರ್?”

“ನಾ ಯಾಕ ಮುಟ್ಲಿ? ಅದು ಕನ್ನಡದಾಗ ಐತಿ. ಈ ತೆಲುಗು ಊರಿನ ಸಾಲ್ಯಾಗ ಕಲತ ನನಗ ಓದಾಕ ಬರ್ತೈತೇನು? ನೀ ಕಲಿಸಿದ್ರ ತಾನೆ!” ಉಮಾಶ್ರೀಯ ಕಣ್ಣು ತುಂಬಿತು. ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗಿ. ಸಿಟ್ಟು ಬಂದರೆ ಮೊದಲು ಅಳು. “ನನಗೂ ಲಾಸ್ ಆಗೈತಿ. ಹೊಸಾ ಸಿನಿಮಾ ಇಂಟರ್ವಲ್‌ಗೇ ಕಟ್. ನನಗ ಯಾರೂ ಕೇಳವಲ್ರು.”

“ನಿನ್ನ ಸಿನಿಮಾ ಒಲಿಗೆ ಹಾಕು,” ಎಂದ ಭೀಮಾಶಂಕರ.

“ಸುಮ್ನಿರ್ರಿ. ಈಗ ನಿಮ್ಮ ಪಾಳಿ. ಬ್ಯಾಕಪ್ ಹೆಂಗ ಮಾಡ್ತೈತಿ ಅದು?”

“ಪ್ರತಿ ರವಿವಾರ ಹಳೇ ಕಾಪಿ ಅಳಿಸಿ, ಮೊದಲಿಂದ ಹೊಸದಾಗಿ ಬರೀತೈತಿ.”

“ಸರಿ ಬರದೈತೋ ಇಲ್ಲೋ, ನೋಡ್ತೀರಿ?”

“ತಪ್ಪದ ನೋಡ್ತೀನಿ! ತೆಗೆದು ಒಂದು ಫೋಟೋ ನೋಡಿ ಮುಚ್ತೀನಿ.”

“ಯಾವಾಗ್ಲೂ ಫೋಟೋ?”

“ಆಲ್ಬಮ್ ಫೋಲ್ಡರ್ ಮೊದಲಿಗೇ ಐತಲ್ಲ.”

“ಇನ್ನೊಂದು ಡಿಸ್ಕ್?”

“ಅಬಿಡ್ಸ್‌ನಾಗ, ವೈಜನಾಥನ ಮನ್ಯಾಗ.” ವೈಜನಾಥ ಭೀಮಾಶಂಕರನ ತಮ್ಮ. ಮನೆಗೆ ಬೆಂಕಿ ಬಿದ್ದರೂ ಒಂದು ಪ್ರತಿ ಬೇರೆಡೆ ಇರಲಿ ಎಂದು ಮಾಡಿದ ಏರ್ಪಾಡು. “ಆ ಡಿಸ್ಕ್ ಇಲ್ಲಿಗೆ, ಈ ಡಿಸ್ಕ್ ಅಲ್ಲಿಗೆ. ಪ್ರತಿ ತಿಂಗಳು ಬದಲಿ ಮಾಡೂದು.”

“ಮಾಡೂದು — ಸರಿ. ಮಾಡೀರೇನು?”

ಭೀಮಾಶಂಕರ ಸತ್ತ ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡತೊಡಗಿದ.

“ಕೊನೇ ಸಲ ಯಾವಾಗ?”

“…ಯುಗಾದಿಗೆ ಹೋಳಿಗಿ ಕೊಡಾಕ ಹೋದಾಗ.”

ದಸರಾ ಮುಗಿದು ವಾರವಾಗಿತ್ತು. ತಲೆ ತಗ್ಗಿಸಿ ನಿಂತವನ ಒಂದು ಕೆನ್ನೆಯಲ್ಲಿ ಗಡ್ಡ ಹಾಗೆಯೇ ಇತ್ತು. ಗುರುದೇವಿಗೆ ಬೈಯಬೇಕೆನಿಸಲಿಲ್ಲ. ಅವಳು ಬೇರೇನೋ ಯೋಚಿಸುತ್ತಿದ್ದಳು.

“ಉಮಾ, ಆ ಸಿನಿಮಾ ಹಾಕು.”

“ಈಗೇನು ಸಿನಿಮಾ ನೋಡ್ತಿ ಅಮ್ಮಾ?”

“ಹಾಕು.”

ನಾಯಕ ಕಟ್ಟಡದ ತುದಿಯಿಂದ ಹಾರಿದ. ಗಾಳಿಯಲ್ಲೇ ನಿಂತುಬಿಟ್ಟ. ಮುಂದಕ್ಕೆ ಒಂದು ಚಿತ್ರವೂ ಇಲ್ಲ.

“ಇದು ಯಾವ ಫೋಲ್ಡರಿನಾಗ ಐತಿ?”

ಮಗಳು ಗೊಣಗಿದಳು. “ಝಡ್ ಪ್ರಾಜೆಕ್ಟ್.”

“ಸಿನಿಮಾಕ್ಕ ಯಾಕ ಆ ಹೆಸರು?”

“ಎಲ್ಲಾದಕ್ಕಿಂತ ಕೆಳಗ ಹೋಗ್ಲಿ ಅಂತ. ಅಪ್ಪಗ ಕಾಣಬಾರದಂತ.”

“ಯಾವಾಗಿಂದ ತುಂಬಾಕತ್ತಿ?”

“ಜೂನ್‌ನಿಂದ. ಪರೀಕ್ಷೆ ಮುಗಿದ ಮ್ಯಾಲ.”

ಗುರುದೇವಿ ಎದ್ದಳು. “ರೀ, ಆ ಇನ್ನೊಂದು ಕೆನ್ನಿ ಬೋಳಿಸ್ಕೊರ್ರಿ. ನಾ ಸೀರಿ ಬದಲಿಸಿ ಬರ್ತೀನಿ. ಅಬಿಡ್ಸ್‌ಗೆ ಹೋಗೋಣ. ಬ್ಯಾಕಪ್ ಡಿಸ್ಕಿನ ತಂತಿ ಮರೀಬ್ಯಾಡ್ರಿ.”

ಭಾನುವಾರದ ಅಬಿಡ್ಸ್. ಮುಚ್ಚಿದ ಅಂಗಡಿಗಳ ಮುಂದೆ ಉದ್ದಕ್ಕೂ ಹಳೆಯ ಪುಸ್ತಕಗಳು. ಆಟೋ ಇಳಿದು ಮೂವರೂ ಓಣಿಗೆ ಹೊಕ್ಕರು. ವೈಜನಾಥ ಬನಿಯನ್ನಿನಲ್ಲೇ ಬಾಗಿಲು ತೆಗೆದು, ಅತ್ತಿಗೆಯನ್ನು ಕಂಡು ಒಳಗೋಡಿ ಅಂಗಿ ಹಾಕಿಕೊಂಡು ಬಂದ.

“ಬರ್ರಿ ವೈನಿ! ಏನು ಒಮ್ಮಿಂದೊಮ್ಮೆಲೆ?”

“ಯುಗಾದಿಗೆ ಕೊಟ್ಟ ಡಿಸ್ಕ್ ಎಲ್ಲೈತಿ?”

“ಟೀವಿ ಕೆಳಗ. ಇಟ್ಟಲ್ಲೇ ಐತಿ.”

“ಯಾರರ ಮುಟ್ಯಾರೇನು?”

ವೈಜನಾಥ ಕತ್ತು ಕೆರೆದುಕೊಂಡ. “ಖರೆ ಹೇಳ್ಲೇನ್ರಿ? ಕೂಸಿನ ತೊಟ್ಟಲದ ವಿಡಿಯೋ ಹಾಕಾಕ ಜಾಗ ಇರಲಿಲ್ಲ. ಅದರಾಗಿಂದು ಅಳಿಸಿಬಿಡೋಣ ಅಂತ ಎರಡು ಸಲ ತಗದೆ—”

ಗುರುದೇವಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“—ತಂತಿ ಸಿಗಲಿಲ್ಲ. ಬಿಟ್ಟೆ.”

ಅವಳು ಚೌಕಟ್ಟು ಬಿಟ್ಟಳು. ಡಿಸ್ಕನ್ನು ವೈಜನಾಥನ ಕಂಪ್ಯೂಟರಿಗೆ ಜೋಡಿಸಿದರು. ಕಂಪ್ಯೂಟರ್ ಹಳೆಯದು, ತೆರೆದುಕೊಳ್ಳಲು ಹೊತ್ತು ಹಿಡಿಯಿತು.

“ಅಮ್ಮಾ, ಹೇಳಬಾರದಾ? ಯಾರು ಅಳಿಸಿದ್ರು?”

“ಯಾರೂ ಅಳಿಸಿಲ್ಲ. ಗುಟ್ಟು ಬಿಟ್ಟುಕೊಟ್ಟಿದ್ದು ನಿನ್ನ ಸಿನಿಮಾ. ಅಳಿಸಿದ್ರ ಪೂರಾ ಹೋಗ್ತಿತ್ತು. ಅರ್ಧಕ್ಕ ಯಾಕ ನಿಲ್ತು? ಬರೆಯೋವಾಗ ಜಾಗ ಮುಗಿದೈತಿ. ತಾತನ ಡಿಸ್ಕ್ ದೊಡ್ಡದು, ಬ್ಯಾಕಪ್ ಡಿಸ್ಕ್ ಅದರ ಅರ್ಧ. ಅದು ಹೆಸರಿನ ಸಾಲಿನ ಪ್ರಕಾರ ಬರೀತೈತಿ. ಎ, ಬಿ, ಸಿ… ಝಡ್. ಇಂಗ್ಲಿಷ್ ಎಲ್ಲ ಮುಗಿದ ಮ್ಯಾಲ ಕನ್ನಡ. ಇಡೀ ಮನ್ಯಾಗ ಕನ್ನಡ ಹೆಸರಿಂದು ಒಂದ ಐತಿ. ನಂದು. ಜೂನ್‌ನಿಂದ ಪ್ರತಿ ರವಿವಾರ ನಿನ್ನ ಸಿನಿಮಾ ತನಕ ಬಂದು ನಿಂತೈತಿ, ನನ್ನ ತನಕ ಬಂದೇ ಇಲ್ಲ.”

“ಹಂಗಾರ… ನಾನೇ?”

“ನಿಂದೂ ಪಾಲೈತಿ. ಆದ್ರ ಅಪರಾಧಿ ಬ್ಯಾರೆ.” ಗುರುದೇವಿ ಗಂಡನ ಕಡೆ ತಿರುಗಿದಳು. “ಜಾಗ ಇಲ್ಲ ಅಂತ ಅದು ನಿಮಗ ಹೇಳಿರಬೇಕಲ್ಲ?”

“ಮೇಲ್ ಬರ್ತಿತ್ತು,” ಎಂದ ಭೀಮಾಶಂಕರ, ನೆಲ ನೋಡುತ್ತ. “ಆಫೀಸಿಂದು ನೂರು ಮೇಲ್ ಬರ್ತಾವ. ಅದರಾಗ ಓದಲಿಲ್ಲ.”

“ನಮ್ಮ ವಿಭಾಗಕ್ಕ ಮಾಲಿನ ಪೆಟ್ಟಿಗಿ ಬಂದ್ರ ಮ್ಯಾಲಿನ ಪೀಸ್ ಎಂದೂ ತಗೀತಿರಲಿಲ್ಲ. ಮ್ಯಾಲ ಎಲ್ಲಾರೂ ಛಲೋದ ಇಟ್ಟಿರ್ತಾರ. ತಳಕ್ಕ ಕೈ ಹಾಕಬೇಕು. ನೀವು ಇಪ್ಪತ್ತು ವಾರ ಮ್ಯಾಲಿನ ಫೋಟೋ ನೋಡಿ ಪಾಸ್ ಮಾಡೀರಿ. ಅಪರಾಧಿ ನೀವ.”

“ಅಣ್ಣಾ, ನೀ ಸರ್ವರ್ ಹೆಂಗ ಕಾಯ್ತಿ ಅಂತ ನಿನ್ನ ಕಂಪನಿಯವ್ರಿಗೆ ಫೋನ್ ಹಚ್ಲೇನು?” ಎಂದ ವೈಜನಾಥ.

“ನೀ ತಂತಿ ಹುಡುಕು ಹೋಗು!”

“ಆದ್ರ ಬದಲಿ ಮಾಡದ ಮರತದ್ದೂ ಇವರ,” ಎಂದಳು ಗುರುದೇವಿ. “ಇವರು ಹೇಳಿದಂಗ ತಿಂಗಳಿಗೊಮ್ಮೆ ತಂದಿದ್ರ ಈ ಡಿಸ್ಕೂ ಸಿನಿಮಾದಿಂದ ತುಂಬತಿತ್ತು. ಯುಗಾದಿಗೆ ಸಿನಿಮಾ ಇರಲಿಲ್ಲ. ನನ್ನ ಲೆಕ್ಕ ಸರಿ ಇದ್ರ—”

ಪರದೆ ತೆರೆಯಿತು. ಉಮಾಶ್ರೀ ಕೆಳಗೆ, ಇನ್ನೂ ಕೆಳಗೆ ಇಳಿಸಿದಳು. ಎಲ್ಲಕ್ಕಿಂತ ತಳದಲ್ಲಿ, ಕನ್ನಡದಲ್ಲಿ, ‘ಪರೀಕ್ಷಾ ವಿಭಾಗ’.

ಉಮಾಶ್ರೀ ಅಮ್ಮನ ಕೊರಳು ಅಪ್ಪಿಕೊಂಡಳು. ಭೀಮಾಶಂಕರ ಎಣಿಸಿದ. ಹನ್ನೊಂದು. ಯುಗಾದಿಯ ನಂತರ ಬರೆದ ಮೂರು ಮಾತ್ರ ಇಲ್ಲ.

“ಆ ಮೂರು ಮತ್ತ ಬರಿ,” ಎಂದ ಅವನು. “ಒಂಬತ್ತು ದಿನ ನಾ ಅಡಿಗಿ ಮಾಡ್ತೀನಿ.”

“ಅಪ್ಪಾ, ಪುಸ್ತಕ ಬರೂತನ ನಾವೂ ಬದುಕಿರಬೇಕಲ್ಲ,” ಎಂದಳು ಮಗಳು.

ವೈಜನಾಥ ಕೆಳಗಿನ ಇರಾನಿ ಹೋಟೆಲಿನಿಂದ ಚಹಾ ತರಿಸಿದ. ಗುರುದೇವಿ ಕಿಟಕಿಯ ಹತ್ತಿರ ಕೂತಳು. ಮೂರರಲ್ಲಿ ಎರಡು ಕಷ್ಟವಲ್ಲ. ಸಾಲು ಸಾಲೇ ನೆನಪಿದೆ. ಮೂರನೆಯದು ಅವಳದೇ. ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದ ದಿನ. ಗಂಡ ಪಕ್ಕದಲ್ಲಿ ಕೂತು ಪೆನ್ನಿನ ಟೊಪ್ಪಿಗೆ ತೆಗೆದುಕೊಟ್ಟದ್ದನ್ನು ಅವಳು ಬರೆದಿದ್ದಳು. ಅದು ನಿಜವೇ. ಆದರೆ ಸಹಿ ಹಾಕಿದ ಸಂಜೆ ತನಗೆ ಎಷ್ಟು ಹಗುರವಾಗಿತ್ತು ಎಂಬುದನ್ನು ಬರೆದಿರಲಿಲ್ಲ. ಮುಂದಿನ ಸೋಮವಾರ ಕಾರ್ಖಾನೆಯ ಬಸ್ ಸ್ಟಾಪಿನವರೆಗೆ ಸುಮ್ಮನೆ ನಡೆದುಹೋಗಿ ವಾಪಸು ಬಂದದ್ದನ್ನೂ ಬರೆದಿರಲಿಲ್ಲ. ಗಂಡನೇ ಕೆಲಸ ಬಿಡಿಸಿದ ಎಂಬಂತೆ ಸಿಟ್ಟಿನಲ್ಲಿ ಬರೆದ ಬರಹ ಅದು. ಅವಳ ಪಾಲನ್ನು ಹೊರಗಿಟ್ಟಿತ್ತು.

ಭೀಮಾಶಂಕರ ಡಿಸ್ಕಿಗೆ ಚೀಟಿ ಅಂಟಿಸಿ ತಾರೀಖು ಬರೆಯುತ್ತಿದ್ದ. ತಲೆಯೆತ್ತಿದ. “ಆ ಮೂರು ಯಾವ್ಯಾವು?”

“ಪುಸ್ತಕ ಬಂದಾಗ ಓದ್ರಿ.”

ಚಹಾ ಬಿಸಿಯಾಗಿತ್ತು. ಬಿಸ್ಕತ್ತು ಅದ್ದುತ್ತ ಗುರುದೇವಿ ಮೂರನೆಯದರ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಬದಲಿಸಿದಳು — ಸಹಿ ಹಾಕಿದವಳು ನಾನು. ಈ ಸಲ ಹಗುರವಾದದ್ದನ್ನೂ ಬರೆಯುವುದು, ಬಸ್ ಸ್ಟಾಪನ್ನೂ ಬರೆಯುವುದು. ಅಷ್ಟು ನಿಶ್ಚಯಿಸಿ, ಯಾರಿಗೂ ಹೇಳದೆ, ಮಗಳಿಗೆ ಇನ್ನೊಂದು ಬಿಸ್ಕತ್ತು ಕೊಟ್ಟಳು.