ತಂತಿಯ ಮೇಲಿನ ಹಸಿರು ಸೀರೆ

ಅವನೇ!

ರಾಯಬಾಗದ ಕೋರ್ಟಿನ ಆವರಣದಲ್ಲಿ, ಉಚಿತ ಕಾನೂನು ನೆರವಿನ ಕೋಣೆಯೊಳಗೆ ಕಾಲಿಟ್ಟ ನೀಲಮ ಅಲ್ಲೇ ನಿಂತುಬಿಟ್ಟಳು. ಎದುರಿನ ಬೆಂಚಿನ ಮೇಲೆ ಸಂಗ್ರಾಮ ಕುಳಿತಿದ್ದ. ಎರಡು ವರ್ಷದ ಹಿಂದೆ ಅವಳ ಗಂಡನಾಗಿದ್ದವನು. ಈಗ... ಈಗ ಏನೂ ಅಲ್ಲದವನು.

ಎಷ್ಟು ಸೊರಗಿದ್ದಾನೆ! ತಲೆ ಕೂಡ ಬಾಚಿಲ್ಲ. 'ಬಾಚಲಿಲ್ಲಂದ್ರ ನನಗೇನು? ಬಾಚಾಕ ಅಕಿ ಅದಾಳಲ್ಲ!' ಎಂದುಕೊಂಡು ಮುಖ ತಿರುಗಿಸಿದಳು. ಮುಖವೇನೋ ತಿರುಗಿತು, ಹಾಳಾದ ಕಣ್ಣು ತಿರುಗಬೇಕಲ್ಲ!

ಅವಳು ಐನಾಪುರದಿಂದ ಇಲ್ಲಿಗೆ ಬಂದದ್ದಕ್ಕೆ ಕಾರಣವಿತ್ತು. ಅಣ್ಣ ಆಬಾಸಾಹೇಬ ಅಥಣಿಯಲ್ಲಿ ಅವಳಿಗೆ ಇನ್ನೊಂದು ಸಂಬಂಧ ನೋಡಿದ್ದ. ಆ ಮನೆಯವರು, ಮೊದಲನೇ ಮದುವೆ ಮುರಿದದ್ದಕ್ಕೆ ಕೋರ್ಟಿನ ಆದೇಶ ಬೇಕು ಎಂದಿದ್ದರು. ಇವರ ಬಳಿ ಇದ್ದದ್ದು ಸೋಡಚೀಟಿ ಮಾತ್ರ. ಹಿರಿಯರು ಪಂಚಾಯ್ತಿ ಕೂಡಿ, ಬಾಂಡ್ ಪೇಪರಿನ ಮೇಲೆ 'ಇಬ್ಬರೂ ಬೇರೆಯಾದರು' ಎಂದು ಬರೆಸಿ ಸಹಿ ಹಾಕಿಸಿದ ಚೀಟಿ. ಅದನ್ನು ನೋಡಿದ್ದ ವಕೀಲೆ ಸರಿತಾ, ಇವತ್ತು ಇಬ್ಬರನ್ನೂ ಒಟ್ಟಿಗೆ ಕರೆಸಿದ್ದರು.

"ಇದು ನಡಿಯಂಗಿಲ್ಲ," ಸರಿತಾ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಅಂದ್ರ ಏನ್ರೀ ಬಾಯಾರ?" ಆಬಾಸಾಹೇಬ ಗಾಬರಿಯಾದ.

"ನಿಮ್ಮ ಮಂದ್ಯಾಗ ಹಿಂದಿನಿಂದ ಇಂಥಾ ಪದ್ಧತಿ ಐತಿ ಅಂತ ಸಾಬೀತ ಮಾಡಿದ್ರ ಬ್ಯಾರೆ ಮಾತು. ಇಲ್ಲಂದ್ರ ಬಾಂಡಿನ ಮ್ಯಾಲೆ ಬರದ್ರ ಮದುವಿ ಮುರಿಯಂಗಿಲ್ರಿ. ಕೋರ್ಟ ಹೇಳಬೇಕು. ಕಾಯ್ದೆ ಪ್ರಕಾರ ಇವರಿಬ್ರೂ ಇವತ್ತಿಗೂ ಗಂಡಾ-ಹೆಂಡತಿನ."

ಗಂಡಾ-ಹೆಂಡತಿ!

ನೀಲಮಳ ಕೈ ತಾನಾಗಿಯೇ ಬೋಳು ಕೊರಳಿಗೆ ಹೋಯಿತು. ಕರಿಮಣಿ ತೆಗೆದ ದಿನ ಎಲ್ಲ ಮುಗಿಯಿತು ಎಂದುಕೊಂಡಿದ್ದಳು. ಮುಗಿದೇ ಇರಲಿಲ್ಲವೇ? ಉಂಡಾಗ, ಮಲಗಿದಾಗ, ಇವನನ್ನು ಬಾಯಿಗೆ ಬಂದಂತೆ ಶಪಿಸಿದಾಗಲೂ ತಾನು ಇವನ ಹೆಂಡತಿಯಾಗಿಯೇ ಇದ್ದೆನೇ? ಅಬ್ಬಾ... ಸಂಗ್ರಾಮನೂ ತಲೆ ಎತ್ತಿದ್ದ, ಅವನ ಕಣ್ಣಲ್ಲೂ ಅದೇ ಬೆರಗು.

"ಬಿಡೋದ ಖರೇ ಇದ್ರ ಇಬ್ರೂ ಒಪ್ಪಿ ಅರ್ಜಿ ಹಾಕಬೇಕು. ಅದಕ್ಕಿಂತ ಮೊದಲ ನಾ ಇವರನ್ನ ಕೇಳಬೇಕು. ಅಣ್ಣಾರ, ನೀವು ಹೊರಗ ಕುಂದರ್ರಿ," ಎಂದರು ಸರಿತಾ.

"ನಾ ಅಕಿ ಅಣ್ಣ ಅದೀನ್ರೀ!"

"ಹೌದ್ರಿ. ಆದ್ರ ಮದುವಿ ನಿಮ್ಮದಲ್ಲಲ್ರಿ."

ಆಬಾಸಾಹೇಬ ಗೊಣಗುತ್ತ ಹೊರಗೆ ಹೋದ. ಸರಿತಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಹೇಳು ತಂಗಿ. ನಿನಗ ಏನು ಬೇಕು?"

ನೀಲಮ ಕಣ್ಣು ಪಿಳಿಪಿಳಿ ಬಿಟ್ಟಳು. ಇದೆಂಥ ಪ್ರಶ್ನೆ! ಪಂಚಾಯ್ತಿಯಲ್ಲಿ ಅವಳ ಪರವಾಗಿ ಅಣ್ಣ ಮಾತಾಡಿದ್ದ, ಇವನ ಪರವಾಗಿ ಇವನ ಕಾಕಾ ಮಾತಾಡಿದ್ದ. ಊರಿಗೆ ಊರೇ ಮಾತಾಡಿತ್ತು. ಬಾಳಬೇಕಾದ ಇಬ್ಬರನ್ನು ಮಾತ್ರ ಯಾರೂ ಕೇಳಿರಲಿಲ್ಲ, ನೋಡಿ!

ಏನು ಬೇಕು? ನಿಜ ಹೇಳಬೇಕೆಂದರೆ ಇವನೇ ಬೇಕಿತ್ತು. ಆದರೆ ಆ ಸೀರೆ...

ಆ ವರ್ಷ ಪಂಚಮಿಗೆಂದು ತವರಿಗೆ ಬಂದವಳು, ತಾಯಿ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಅಲ್ಲೇ ಉಳಿದಿದ್ದಳು. ಗಂಡನ ಮನೆಯಿದ್ದ ಹಾರೂಗೇರಿ ಕಡೆ ಊರೂರು ತಿರುಗಿ ಬಳೆ ಮಾರುವ ಲಗಮವ್ವ ಒಂದು ದಿನ ಬಂದು ಪಿಸುಗುಟ್ಟಿದ್ದಳು. "ನಿನ್ನ ಗಂಡ ಒಬ್ಬನ ಅದಾನಂತೀ. ನಾ ಹೋದಾಗೆಲ್ಲಾ ಹಿತ್ತಲದಾಗ ಹೆಂಗಸಿನ ಸೀರಿ ಒಣಗತೈತಿ ನೋಡವಾ!"

ಅತ್ತೆ ಇಲ್ಲ, ನಾದಿನಿ ಇಲ್ಲ. ಮತ್ತೆ ಯಾರ ಸೀರೆ?

ದೀಪಾವಳಿಗೆ ಕರೆಯಲು ಬಂದ ಸಂಗ್ರಾಮನ ಮುಖದ ಮೇಲೆಯೇ ನೀಲಮ ಬಾಗಿಲು ಹಾಕಿದ್ದಳು. ಅವನು ಹೊತ್ತು ಇಳಿಯುವವರೆಗೆ ಕಟ್ಟೆಯ ಮೇಲೆ ಕೂತು ಎದ್ದುಹೋದ. ಉಂಡು ಮಲಗುವ ತನಕ ಇರಬೇಕಾದ ಜಗಳ ಸೋಡಚೀಟಿಗೆ ಹೋಗಿ ನಿಂತಿತು.

"ಹೇಳು," ಸರಿತಾ ಮತ್ತೆ ಕೇಳಿದರು.

ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲಿಲ್ಲ. "ನನ್ನ ಸಾಮಾನೆಲ್ಲಾ ಕಳಿಸ್ಯಾರ್ರೀ. ಒಂದ ಹಸರ ಸೀರಿ ಕಳಿಸಿಲ್ಲ. ಅದು ಬೇಕು."

"ಕೊಡಬೇಕಲ್ರಿ ಸಂಗ್ರಾಮ? ಅಕಿ ಸಾಮಾನು ಅಕಿ ಹಕ್ಕು."

"ಏನ ಬೇಕಾದ್ರೂ ಕೊಡತೀನ್ರಿ," ಸಂಗ್ರಾಮ ತಲೆ ತಗ್ಗಿಸಿದ. "ಅದೊಂದ ಆಗಂಗಿಲ್ರಿ."

ನೀಲಮ ಭುಗಿಲೆದ್ದಳು. "ಹೆಂಗ ಆದೀತರಿ? ಉಟಗೊಂಡಾಕಿ ಮನ್ಯಾಗ ಅದಾಳಲ್ಲ! ನನ್ನ ಸೀರಿನ ಬೇಕಾತೇನು ಅಕಿಗೆ?"

"ಯಾರಿಗೆ?" ಸಂಗ್ರಾಮ ಕಣ್ಣರಳಿಸಿದ.

"ನನಗೇನ ಕೇಳತೀರಿ? ಹಿತ್ತಲದಾಗ ದಿನಾ ಯಾರ ಸೀರಿ ಒಣಗತೈತಿ?"

ಸಂಗ್ರಾಮ ಕಿವಿಯವರೆಗೂ ಕೆಂಪಾದ.

"ಅದನ್ನ ಉಡಾಂವ... ನಾನ."

ಸಂಗ್ರಾಮ ನೀಲಮಳ ಕಡೆ ತಿರುಗಿದ.

"ನಮ್ಮ ಚಂದ್ರಿ ಎಮ್ಮಿ ಹಾಲ ಕೊಡಲಿಲ್ಲ ನೀಲಾ. ನೀ ಹ್ವಾದ ಮ್ಯಾಲೆ ಹತ್ತರ ಹೋದ್ರ ಒದಿತಿತ್ತು. ಕೆಚ್ಚಲಾ ಬಾತು ಒದರಾಕ ಹತ್ತಿತು. ಕಡೀಕ ನೀ ಹಾಲ ಹಿಂಡುವಾಗ ಉಡತಿದ್ದ ಸೀರಿ ಸುತಗೊಂಡು, ತಲಿ ಮ್ಯಾಲೆ ಸೆರಗ ಹೊತಗೊಂಡು ಕುಂತ್ನಿ. ಮೂಸಿ ನೋಡಿ ಸುಮ್ಮನ ನಿಂತಿತು... ಅವತ್ತಿನಿಂದ ದಿನಾ ಹಂಗ. ಶಗಣಿ ಹತ್ತಿದ್ರ ತೊಳದು ತಂತಿ ಮ್ಯಾಲೆ ಹಾಕತೀನಿ."

"ಎಮ್ಮಿ ಮಾರಿಬಿಡಬೇಕಿಲ್ರೀ?" ಎಂದಳು ನೀಲಮ.

"ಸಣ್ಣ ಮಣಕ ಇದ್ದಾಗಿಂದ ನೀ ಜ್ವಾಪಾನ ಮಾಡಿದ ಎಮ್ಮಿ. ಅದು ನಿನ್ನ ಹಾದಿ ನೋಡತಿತ್ತು. ನಾನೂ..."

"ನನಗ್ಯಾಕ ಹೇಳಲಿಲ್ಲ?"

"ನೀ ಬಾಗಲಾ ಹಾಕಿದಿ. ನಾ ಬ್ಯಾಡಾದ್ನಿ ಅಂತ ತಿಳದ್ನಿ. ಮತ್ತ ಗಂಡಸಾಗಿ ಸೀರಿ ಉಡತೀನಿ ಅಂತ ಯಾವ ಬಾಯಿಲೆ ಹೇಳಲಿ? ಓಣ್ಯಾಗ ನನ್ನ 'ಸಂಗವ್ವ' ಅಂತಾರ."

ಕಂಡದ್ದನ್ನೂ ಪ್ರಮಾಣಿಸಿ ನೋಡಬೇಕೆನ್ನುತ್ತಾರೆ. ನೀಲಮ ಕಾಣದ್ದನ್ನೇ ನಂಬಿ ಕೂತಿದ್ದಳಲ್ಲ!

ಅವಳು ಅವನನ್ನೇ ನೋಡಿದಳು. ಅದೇ ದಪ್ಪ ಮೀಸೆ. ಅಂಗಿಯ ಇಸ್ತ್ರಿ ಮುರಿದರೆ ಮನೆ ತಲೆಯ ಮೇಲೆ ಹೊರುತ್ತಿದ್ದ ಅದೇ ಗಂಡಸು. ಇವನೇ ಮುಂಜಾನೆ-ಸಂಜೆ ತನ್ನ ಸೀರೆ ಸುತ್ತಿಕೊಂಡು, ಊರವರ ನಗೆ ನುಂಗಿಕೊಂಡು ಕೊಟ್ಟಿಗೆಯಲ್ಲಿ ಕೂರುತ್ತಿದ್ದನೇ? ಒಬ್ಬ ಮನುಷ್ಯನೊಳಗೆ ಇಷ್ಟು ಪ್ರೀತಿ ಹೀಗೂ ಅಡಗಿರುತ್ತದೆಯೇ! ಅವನನ್ನು ಈಗಷ್ಟೇ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು ಅವಳಿಗೆ. ನಗುವೂ ಅಳುವೂ ಒಟ್ಟಿಗೇ ಉಕ್ಕಿದವು.

ಸರಿತಾ ಕನ್ನಡಕ ತೆಗೆದು ಒರೆಸಿಕೊಂಡರು.

"ತಂಗಿ, ಸಿಟ್ಟಿನ್ಯಾಗೂ ಹೇಳಬ್ಯಾಡ, ಕಣ್ಣೀರಿನ್ಯಾಗೂ ಹೇಳಬ್ಯಾಡ. ಬಿಡತೀನಿ ಅಂದ್ರ ನಿನ್ನ ಅರ್ಜಿ ನಾನ ಹಾಕತೀನಿ. ಇವರ ಜೋಡಿ ಹೋಗತೀನಿ ಅಂದ್ರ ನಿನ್ನ ಯಾರೂ ತಡಿಯಂಗಿಲ್ಲ. ಬೇಕಂದ್ರ ನಾಳಿ ಬಂದು ಹೇಳು."

"ನಾಳಿ ಬ್ಯಾಡ್ರೀ ಬಾಯಾರ." ನೀಲಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ... ಇವರು ಬೇಕ್ರೀ."

ತನ್ನ ಬದುಕಿನ ಮಾತನ್ನು ಅವಳು ತನ್ನ ಬಾಯಿಂದಲೇ ಹೇಳಿದ್ದು ಅದೇ ಮೊದಲು. ಹೇಳಿ ತಾನೇ ಬೆರಗಾದಳು.

ಹೊರಗೆ ಆಬಾಸಾಹೇಬ ಎದ್ದು ನಿಂತ. "ಸಹಿ ಆತೇನವಾ?"

"ಇಲ್ಲಣ್ಣಾ. ಅಥಣಿಯವರಿಗೆ ಹೇಳಿಬಿಡು, ನಮ್ಮ ತಂಗಿಗೆ ಗಂಡ ಅದಾನಂತ."

ಆಬಾಸಾಹೇಬ ಎದ್ದವನು ಮತ್ತೆ ಧಪ್ಪನೆ ಕೂತ.

ಸಂಗ್ರಾಮ ಬೇವಿನ ಮರದ ಕೆಳಗೆ ಅವಳ ಹತ್ತಿರ ಬಂದು ನಿಂತ. "ಈಗ ಮನಿಗೆ ಹೋಗೂಣೇನು ನೀಲಾ?"

"ಹಿಂಗ ಅಲ್ಲ. ನಾಳಿ ಐನಾಪುರಕ್ಕ ಕರಿಯಾಕ ಬರ್ರಿ. ಈ ಸಲ ಬಾಗಲಾ ತಗದ ಇಟ್ಟಿರತೀನಿ."

"ಮತ್ತ ಇವತ್ತ ಸಂಜಿಗೆ ಚಂದ್ರಿ...?"

"ಇದೊಂದ ಸಂಜಿ ನೀವ ಉಡ್ರಿ." ನೀಲಮ ಕಣ್ಣೀರಿನಲ್ಲೇ ನಕ್ಕಳು. "ಸೆರಗ ಮಾತ್ರ ಸರಿಯಾಗಿ ಹೊತಗೊಳ್ರಿ, ನನ್ನ ಹೆಸರ ಕೆಡಸಬ್ಯಾಡ್ರಿ!"