ಮೊದಲ ಎಣ್ಣೆಯ ಕಹಿ

ವರನ ತಾಯಿ ಮೆಣಸಿನಕಾಯಿ ಬಜ್ಜಿಯನ್ನು ಕಚ್ಚಿದರು. ಒಮ್ಮೆ ಅಗಿದರು. ಆಮೇಲೆ ಅವರ ಮುಖ ಹೇಗಾಯಿತೆಂದರೆ, ಎದುರಿಗೆ ಕಾಫಿ ತಟ್ಟೆ ಹಿಡಿದು ನಿಂತಿದ್ದ ತ್ರಿವೇಣಿ ಎರಡು ಹೆಜ್ಜೆ ಹಿಂದೆ ಸರಿದಳು.

“ಅಯ್ಯಯ್ಯೋ, ಏನ್ರೀ ಇದು, ವಿಷ ಇದ್ದಂಗೈತೆ!”

ಹೆಣ್ಣು ನೋಡಲು ಹಿರಿಯೂರಿನಿಂದ ಬಂದಿದ್ದ ಏಳೂ ಜನ ಅಂಗಳದ ನಲ್ಲಿಗೆ ಓಡಿದರು. ವರ, ಪಾಪ, ನಲ್ಲಿ ಮುಟ್ಟುವ ಮೊದಲೇ ಇಸ್ತ್ರಿ ಅಂಗಿಯ ಮೇಲೆ ಉಗುಳಿಕೊಂಡ. ಅವ್ವ ಮಂಜುಳಮ್ಮ ಜಾಲರಿ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾದಳು.

ತ್ರಿವೇಣಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಹಿ ನಾಲಿಗೆಗೆ ತಾಗಿದ್ದೇ ತಡ, ಅವಳಿಗೆ ಗೊತ್ತಾಗಿಹೋಯಿತು. ಹೊಂಗೆ ಎಣ್ಣೆ!

ಮೊನ್ನೆ ಅಮಾವಾಸ್ಯೆಯ ಮಧ್ಯಾಹ್ನ ಅಪ್ಪನ ಮಿಲ್ಲಿನ ಬೀಗದ ಕೈಯನ್ನು ಮಹಾಂತೇಶನಿಗೆ ಕೊಟ್ಟವಳು ಅವಳೇ.

ಚಳ್ಳಕೆರೆಯ ಆ ಬೀದಿಯ ತುಂಬ ಶೇಂಗಾ ಎಣ್ಣೆಯ ಮಿಲ್ಲುಗಳು. ಕರೆಂಟು ಹೋದರೆ ಸಾಕು, ಜನರೇಟರುಗಳೆಲ್ಲ ಒಟ್ಟಿಗೆ ಗುಡುಗುತ್ತಿದ್ದವು. ಡೀಸೆಲ್ಲಿನ ಕರಿಹೊಗೆ ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಹಾಲಿನ ಮೇಲೆ ಬಂದು ಕೂರುತ್ತಿತ್ತು. ಅಪ್ಪ ಜಂಬುಲಿಂಗಪ್ಪನವರ ಮನೆ ಮಿಲ್ಲಿನ ಬೆನ್ನಿಗೇ ಇತ್ತು. ಅಜ್ಜಿ ದ್ರಾಕ್ಷಾಯಣಮ್ಮ ಕಥೆ ಹೇಳುತ್ತ ಹೇಳುತ್ತ ರಾಜಕುಮಾರಿಯನ್ನು ರಾಕ್ಷಸನ ಗುಹೆಯಲ್ಲೇ ಬಿಟ್ಟು, ಎದೆ ಹಿಡಿದುಕೊಂಡು ಕೆಮ್ಮಲು ಶುರುಮಾಡುತ್ತಿದ್ದಳು. ತ್ರಿವೇಣಿಗೆ ಇಪ್ಪತ್ತಮೂರು ತುಂಬಿದರೂ ಎಷ್ಟೋ ರಾಜಕುಮಾರಿಯರು ಇನ್ನೂ ಗುಹೆಯಿಂದ ಹೊರಗೇ ಬಂದಿರಲಿಲ್ಲ.

ಮಹಾಂತೇಶ ಬಂದದ್ದು ಕುದುರೆ ಏರಿ ಅಲ್ಲ, ಹಳೇ ಟಿವಿಎಸ್ ಮೇಲೆ, ಹೊಂಗೆ ಬೀಜದ ಚೀಲ ಕಟ್ಟಿಕೊಂಡು. ದೇವಸಮುದ್ರದಲ್ಲಿ ಕುರಿ ಕಾಯುವವರ ಮನೆಯ ಮಗ, ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಊರಲ್ಲೊಂದು ಶೆಡ್ಡು ಹಾಕಿ, ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವದಿಂದ ಹೊಂಗೆ ಎಣ್ಣೆಯನ್ನು ಡೀಸೆಲ್ಲಿಗೆ ಬೆರೆಸುವ ಇಂಧನವನ್ನಾಗಿ ಮಾಡುತ್ತಿದ್ದ. ಬೀಜ ಅರೆದುಕೊಡಿ ಎಂದು ನಾಲ್ಕು ತಿಂಗಳು, ಪ್ರತಿ ಸೋಮವಾರ ಬಂದು ಕೇಳಿದ. ಪ್ರತಿ ಸೋಮವಾರವೂ ಅಪ್ಪ ಬೈದು ಕಳಿಸಿದರು.

“ಶೇಂಗಾ ಅರಿಯೋ ಮಿಷಿನ್‌ಗೆ ಹೊಂಗೆ ಹಾಕ್ಬೇಕಾ? ಹೋಗಯ್ಯ ಅತ್ಲಾಗೆ!”

ಹೋಗುವಾಗ ಅವನು ಮನೆಯ ಕಿಟಕಿಯತ್ತ ಒಂದು ಸಲ ನೋಡುತ್ತಿದ್ದ. ಒಂದೇ ಸಲ. ತ್ರಿವೇಣಿಗೆ ಅದು ಮುಂದಿನ ಸೋಮವಾರದವರೆಗೂ ಸಾಕಾಗುತ್ತಿತ್ತು.

ಅಮಾವಾಸ್ಯೆಗೆ ಮಿಲ್ಲಿಗೆ ರಜೆ. ಅಪ್ಪ, ಅವ್ವ ದೇವಸ್ಥಾನಕ್ಕೆ ಹೋಗಿದ್ದರು. ಅದು ಸೋಮವಾರ; ಎಂದಿನಂತೆ ಕೇಳಲು ಬಂದವನಿಗೆ ತ್ರಿವೇಣಿಯೇ ಬೀಗದ ಕೈ ಕೊಟ್ಟಳು. ಯಂತ್ರ ತಿರುಗಿ, ಹೊಂಗೆ ಎಣ್ಣೆ ಹಳದಿ ಎಳೆಯಾಗಿ ಇಳಿಯತೊಡಗಿದಾಗ ತ್ರಿವೇಣಿ ಕೇಳಿದ್ದಳು, “ಇದನ್ನ ಹಾಕಿದ್ರೆ ಹೊಗೆ ಬರಲ್ವೇನ್ರಿ?”

“ಬರ್ತೈತೆ. ಕಮ್ಮಿ ಬರ್ತೈತೆ. ಪೂರ್ತಿ ಹೋಗ್ತೈತೆ ಅಂದ್ರೆ ಸುಳ್ಳಾಗ್ತೈತೆ.”

“ಒಂದ್ ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ನೀವು ಬೀಗದ ಕೈ ವಾಪಸ್ ಇಸ್ಕೊಂಡ್ಬಿಟ್ರೆ?”

ಅವನ ಎಡಗೆನ್ನೆಗೆ ಹಿಂಡಿಯ ಪುಡಿ ಅಂಟಿತ್ತು. ಒರೆಸ್ಕೊಳ್ರಿ ಎಂದರೆ ಬಲಗೆನ್ನೆ ಒರೆಸಿಕೊಂಡ. ಅಲ್ಲ, ಈ ಕಡೆ ಎಂದರೆ ಹಣೆ ಒರೆಸಿಕೊಂಡ. ಬೇಕೆಂದೇ ಮಾಡುತ್ತಿದ್ದಾನೆಂದು ತಿಳಿಯುವಷ್ಟರಲ್ಲಿ ತ್ರಿವೇಣಿಗೆ ನಗು ಉಕ್ಕಿ ಬಂದಿತ್ತು.

ಕೊನೆಗೆ ಒಂದಿಷ್ಟು ಶೇಂಗಾ ಹಾಕಿ ಓಡಿಸಿದರೆ ಯಂತ್ರ ಶುದ್ಧವಾಗುತ್ತದೆ ಎಂದಿದ್ದ. ಅದನ್ನು ಮಾಡುವಷ್ಟರಲ್ಲಿ ಕರೆಂಟು ಹೋಯಿತು. ಬೀದಿಯಲ್ಲಿ ಅಪ್ಪನ ದನಿ ಕೇಳಿಸಿತು. ಅವನು ಡಬ್ಬಿಗಳೊಂದಿಗೆ ಹಿಂಬಾಗಿಲಿನಿಂದ ಪರಾರಿ.

ಅಮಾವಾಸ್ಯೆಯ ಮರುದಿನ ಅರೆದ ಮೊದಲ ಡಬ್ಬಿ ಎಣ್ಣೆಯನ್ನು ಆ ಮನೆಯವರು ಮಾರುವುದಿಲ್ಲ, ತಮ್ಮ ಒಲೆಗೇ ತರುತ್ತಾರೆ. ಹುಟ್ಟಿದಾಗಿನಿಂದ ಕಂಡ ಪದ್ಧತಿ, ಅವತ್ತು ಮಾತ್ರ ತ್ರಿವೇಣಿಗೆ ನೆನಪಾಗಲಿಲ್ಲ. ನೆಗಡಿಯಾಗಿದ್ದ ಅವ್ವನಿಗೆ ವಾಸನೆ ತಿಳಿಯಲಿಲ್ಲ. ಬಂದವರಿಗಿಂತ ಮೊದಲು ರುಚಿ ನೋಡುವುದಂತೂ ಆ ಮನೆಯಲ್ಲಿ ಇಲ್ಲವೇ ಇಲ್ಲ.

“ಲೇ ದುರುಗಾ!” ಬಜ್ಜಿ ಮೂಸಿ ನೋಡಿದ ಅಪ್ಪ ಮಿಲ್ಲಿನ ಆಳನ್ನು ಕೂಗಿದ ಅಬ್ಬರಕ್ಕೆ ಗೂಡಿನ ಪಾರಿವಾಳಗಳು ಹಾರಿದವು. “ಮಿಷಿನ್‌ಗೆ ಹೊಂಗೆ ಹಾಕಿದ್ದು ನೀನೇ ಏನಲೇ? ಇಪ್ಪತ್ತು ವರ್ಷ ಉಪ್ಪು ತಿಂದು ಮಾನ ಕಳದ್ಯಲ್ಲೋ! ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!”

“ನಾನಲ್ಲ ಧಣಿ, ನನ್ ಮಕ್ಳಾಣೆ...” ದುರುಗಣ್ಣ ಕೈಮುಗಿದ.

ಬಾಯಿ ಮುಚ್ಚಿಕೊಂಡಿದ್ದರೆ ಸಂಬಂಧ ಹೇಗೋ ಉಳಿಯುತ್ತಿತ್ತು. ಹಿರಿಯೂರಿನವರು ಆಗಲೇ, ಆಳುಗಳೇ ಹಾಗೆ ಬಿಡಿ ಎನ್ನುತ್ತಿದ್ದರು. ಆದರೆ ದುರುಗಣ್ಣನ ಅನ್ನ ಹೋಗುತ್ತಿತ್ತು. ಅವಳಿಗೆ ಬೇಡದ ಮದುವೆಯೂ ನಡೆದುಹೋಗುತ್ತಿತ್ತು.

“ಅಪ್ಪಾ, ದುರುಗಣ್ಣ ಅಲ್ಲ. ಬೀಗದ ಕೈ ಕೊಟ್ಟಿದ್ದು ನಾನು. ಮಹಾಂತೇಶ್ ಅವರಿಗೆ.”

“ಆ ಹೊಂಗೆ ಹುಡುಗನಿಗಾ? ಯಾಕೆ?”

“ಅಜ್ಜಿ ಕೆಮ್ಮಿಗೆ,” ಎಂದಳು. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು. ಬಾಯಿ ನಿಲ್ಲಲಿಲ್ಲ. “ಮತ್ತೆ... ಅವರು ನಂಗೆ ಇಷ್ಟ.”

ತನ್ನ ದನಿ ಕೇಳಿ ತಾನೇ ಬೆಚ್ಚಿಬಿದ್ದಳು.

ಆಗಲೇ ಗೇಟಿನ ಮುಂದೆ ಟಿವಿಎಸ್ ನಿಂತಿತು. ತನ್ನ ಹೊಂಗೆ ಇಂಧನದ ಕ್ಯಾನು ಹಿಡಿದು, ಏದುಸಿರು ಬಿಡುತ್ತ ಮಹಾಂತೇಶ ಒಳಗೆ ನುಗ್ಗಿದ. “ಸಾರ್, ಮೊದಲ್ನೇ ಎಣ್ಣೆ ಯಾರೂ ತಿನ್ಬೇಡಿ! ಮಿಷಿನ್ ತೊಳ್ದಿಲ್ಲ, ಮೊದಲ್ನೇ ಡಬ್ಬಿ ಮಿಲ್ಲಿನೋರು ಮನೇಗೇ ತರ್ತಾರಂತ ನಮ್ಮವ್ವ ಈಗ್ ಹೇಳಿದ್ಲು...”

ಉಗುಳುತ್ತಿದ್ದ ಏಳು ಜನರನ್ನು ಕಂಡು ಮಾತು ಅಲ್ಲೇ ನಿಂತಿತು.

“ಈಗ್ ಬಂದ್ಯೇನಪ್ಪಾ,” ಎಂದಳು ಅಜ್ಜಿ ಜಗುಲಿಯಿಂದ. “ನಮ್ ಹುಡುಗಿ ನಿನ್ನ ಇಷ್ಟ ಪಡ್ತಾಳಂತೆ. ಅದನ್ನೂ ಕೇಳ್ಕ.”

ಮಹಾಂತೇಶ ಅಜ್ಜಿಯನ್ನು ನೋಡಿದ. ತ್ರಿವೇಣಿಯನ್ನು ನೋಡಿದ. ಕ್ಯಾನು ಕೈಜಾರಿ ನೆಲಕ್ಕೆ ಕೂತಿತು.

ಹಿರಿಯೂರಿನ ಜೀಪು ಧೂಳೆಬ್ಬಿಸಿ ಹೋಯಿತು. ಅದರ ಹಿಂದೆಯೇ ಕರೆಂಟೂ ಹೋಯಿತು. ಅಪ್ಪ ಜನರೇಟರಿನತ್ತ ಹೊರಟಾಗ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. “ಜಂಬುಲಿಂಗಾ, ಮಾನ ಹೆಂಗೂ ಹೋತು. ಅವನ ಎಣ್ಣೆ ಹಾಕಿ ನೋಡು.”

ಡೀಸೆಲ್ಲಿಗೆ ಐದರಲ್ಲಿ ಒಂದು ಪಾಲು ಅದನ್ನು ಬೆರೆಸಿದರು. ಜನರೇಟರು ಗುಡುಗಿತು. ಕೊಳವೆಯ ಬಾಯಲ್ಲಿ ಹೊಗೆ ಎದ್ದಿತು; ಕಪ್ಪಲ್ಲ, ತೆಳುಬೂದಿ. ಅಪ್ಪ ಹೊಗೆಗೆ ಅಂಗೈ ಒಡ್ಡಿ ನೋಡಿದರು. ಹೊಗಳಲಿಲ್ಲ. ದುರುಗಣ್ಣನ ಹೆಗಲ ಮೇಲೆ ಕೈಯಿಟ್ಟು, “ತಪ್ಪಾತು ಕಣೋ,” ಎಂದರು. ಆಮೇಲೆ ತ್ರಿವೇಣಿ, ಮಹಾಂತೇಶರತ್ತ ತಿರುಗಿ, “ನೀವಿಬ್ರೂ ಮಿಷಿನ್ ಬಿಚ್ಚಿ ತೊಳೀರಿ. ಮಿಕ್ಕಿದ್ದು ನಿಮ್ಮಪ್ಪ ಬಂದ್ಮೇಲೆ ಮಾತಾಡಣ ಕಣಯ್ಯ,” ಎಂದುಬಿಟ್ಟರು.

ಇಬ್ಬರೂ ಬಿಸಿನೀರಿನ ಬಕೀಟಿನ ಎರಡು ಬದಿ ಕೂತರು. ಅವನು ತಲೆ ಎತ್ತಲಿಲ್ಲ.

“ಬೇಜಾರಾತೇನ್ರಿ?” ತ್ರಿವೇಣಿ ಅರಿವೆ ಹಿಂಡುತ್ತ ಕೇಳಿದಳು.

“ಇಲ್ಲ. ಒಂದ್ ಮಾತು ಹೇಳ್ಬೇಕು, ಬೈಬೇಡ್ರಿ.” ಅವನು ಸ್ಪ್ಯಾನರನ್ನು ಸುಮ್ಮನೆ ತಿರುವುತ್ತಿದ್ದ. “ಹೊಂಗೆ ಅರೆದುಕೊಡ್ತೀವಿ ಅಂತ ಈ ಬೀದೀಲಿ ಎರಡು ಮಿಲ್ಲಿನೋರು ಮೊದಲನೇ ವಾರಾನೇ ಒಪ್ಪಿದ್ರು.”

“ಮತ್ತೆ ನಾಲ್ಕು ತಿಂಗ್ಳು ನಮ್ಮಪ್ಪನ ಹತ್ರ ಯಾಕ್ರೀ ಬೈಸ್ಕೊಂಡ್ರಿ?”

ಅವನು ಮೆಲ್ಲಗೆ ತಲೆ ಎತ್ತಿದ.

“ಆ ಮಿಲ್ಲುಗಳಿಂದ ನಿಮ್ ಕಿಟಕಿ ಕಾಣಲ್ಲ ರೀ.”