ನೇತ್ರಕಮಾನಿನ ಕೆಳಗೆ

ಫಕ್ಕೀರವ್ವ ಕಮಾನಿನ ಕೆಳಗೆ ನಿಂತಳು. ಎದುರಿನ ಗಾಜಿನಲ್ಲಿ ನೀಲಿ ಚುಕ್ಕೆಯೊಂದು ಹೊತ್ತಿಕೊಂಡಿತು, ಕಣ್ಣಿಗೆ ತಣ್ಣನೆಯ ಗಾಳಿ ಸೋಕಿತು, ಗೇಟು ತೆರೆಯಿತು. ಎರಡೇ ಕ್ಷಣ. ಅಷ್ಟರಲ್ಲಿ ಅದು ತನ್ನ ಕಣ್ಣೊಳಗಿಂದ ಏನು ಓದಿಕೊಂಡಿತೋ ಎಂಬ ಅನುಮಾನ ಎರಡು ತಿಂಗಳಾದರೂ ಅವಳನ್ನು ಬಿಟ್ಟಿರಲಿಲ್ಲ.

ಅದು ೨೦೭೧ನೆಯ ಇಸವಿ. ಬ್ಯಾಡಗಿ ಸೀಮೆಯ ಆ ಮೆಣಸಿನಕಾಯಿ ಮಂಡಿಯ ಬಾಗಿಲಿಗೆ ನೇತ್ರಕಮಾನನ್ನು ತಂದು ನಿಲ್ಲಿಸಿದ್ದರು. ಒಳಗೆ ಹೋಗುವ ಪ್ರತಿಯೊಬ್ಬರ ಕಣ್ಣಿನ ಒತ್ತಡವನ್ನು ಅದು ದಿನವೂ ಅಳೆಯುತ್ತಿತ್ತು, ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದ ಚಿತ್ರ ತೆಗೆಯುತ್ತಿತ್ತು. ಗ್ಲಾಕೋಮಾ ಎಂಬ ರೋಗ ಬಹುಮಟ್ಟಿಗೆ ನೋವಿಲ್ಲದೆ, ಸುಳಿವು ಕೊಡದೆ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತಾ ಬರುತ್ತದೆ. ರೋಗಿಗೆ ತಿಳಿಯುವ ಮೊದಲೇ ಅದನ್ನು ಹಿಡಿಯಲಿ ಎಂದು ಡಾ. ಚಂದ್ರಕಾಂತ ಅರಸ್ ಎಂಬ ವಿಜ್ಞಾನಿ ಈ ಯಂತ್ರವನ್ನು ರೂಪಿಸಿದ್ದರು.

ಈ ಯಂತ್ರವನ್ನು ಮಂಡಿಯಲ್ಲಿ ಯಾರೂ ನಂಬಲಿಲ್ಲ. ಪಕ್ಕದ ಗೋದಾಮಿಗೆ ಕಾಯಿ ಆರಿಸುವ ಯಂತ್ರ ಬಂದು ನಲವತ್ತು ಹೆಂಗಸರು ಮನೆ ಸೇರಿದ್ದರು. ಕಣ್ಣು ಕೆಂಪಗಾದವರನ್ನು ಈ ಕಮಾನು ಹೆಕ್ಕಿ ಕೊಡುತ್ತದೆ, ಆಮೇಲೆ ಅವರಿಗೆ ಕೆಲಸವಿಲ್ಲ ಎಂಬ ಮಾತು ಹಬ್ಬಿತ್ತು. ಇಡೀ ದಿನ ಘಾಟಿನಲ್ಲಿ ಕೂತು ತೊಟ್ಟು ಬಿಡಿಸುವವರಲ್ಲಿ ಯಾರ ಕಣ್ಣು ತಾನೇ ಕೆಂಪಗಿರುವುದಿಲ್ಲ?

ತೊಟ್ಟು ಬಿಡಿಸುವ ತಂಡವೊಂದರ ಮುಖ್ಯಸ್ಥೆಯಾಗಿದ್ದ ಫಕ್ಕೀರವ್ವನ ಹತ್ತಿರ ಒಂದು ಉಪಾಯವಿತ್ತು. ಆರು ವರ್ಷದ ಹಿಂದೆ ಮೆಡಿಕಲ್ ಶಾಪಿನವನೊಬ್ಬ ಕೊಟ್ಟ ಕಣ್ಣಿನ ಹನಿ. ಎರಡು ಹನಿ ಬಿಟ್ಟುಕೊಂಡರೆ ಉರಿ ಇಳಿದು ಕಣ್ಣು ಬೆಳ್ಳಗಾಗುತ್ತಿತ್ತು. ತಾನೊಬ್ಬಳೇ ಹಾಕಿಕೊಳ್ಳುತ್ತಿದ್ದವಳು, ಕಮಾನು ಬಂದ ವಾರದಿಂದ ತನ್ನ ತಂಡದ ಹದಿನೆಂಟು ಹೆಂಗಸರನ್ನೂ ಗೋಡೆಯ ಮರೆಗೆ ಕರೆದು ಬೆಳಿಗ್ಗೆ ಸಂಜೆ ಹನಿ ಹಾಕತೊಡಗಿದಳು.

ಆ ದಿನ ಡಾ. ಅರಸ್ ಖುದ್ದಾಗಿ ಮಂಡಿಗೆ ಬಂದರು. ತಂಡದ ಮುಖ್ಯಸ್ಥೆ ಯಾರೆಂದು ಕೇಳಿ ಫಕ್ಕೀರವ್ವನನ್ನು ಆಫೀಸಿಗೆ ಕರೆಸಿದರು. ಕೆಲಸ ಹೋಯಿತು ಅಂದುಕೊಂಡೇ ಅವಳು ಹೋದಳು.

"ನಿಮ್ಮ ತಂಡದ ಎಲ್ಲರ ಕಣ್ಣಿನ ಒತ್ತಡ ಏರುತ್ತಿದೆಯಮ್ಮ," ಎಂದರು ಅರಸ್. "ರೇಣವ್ವ ಅನ್ನುವವರದು ಹದಿನಾಲ್ಕು ಇತ್ತು, ಈಗ ಇಪ್ಪತ್ತೊಂಬತ್ತು. ಇಪ್ಪತ್ತೊಂದು ದಾಟಿದರೆ ನಾವು ಎಚ್ಚರವಾಗಿರಬೇಕು."

"ಯಾವಾಗಿಂದ ಏರೇತಿ?"

"ಕಮಾನು ಹಾಕಿದ ಮೇಲೆ."

"ಅಂದ್ರ ನಿಮ್ಮ ಯಂತ್ರನ ನಮ್ಮ ಕಣ್ಣು ಕೆಡಸಾಕತ್ತೇತಿ."

ಅವರು ಅಲ್ಲಗಳೆಯುತ್ತಾರೆಂದು ಅವಳು ಕಾದಳು. ಅರಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇರಬಹುದು. ನನಗೂ ಅದೇ ಅನುಮಾನ. ಮೂರು ದಿನದಿಂದ ನಿದ್ದೆಯಿಲ್ಲ."

ತಪ್ಪು ತನ್ನದಿರಬಹುದು ಎಂದು ಒಪ್ಪುವ ಸಾಹೇಬನನ್ನು ಅವಳು ನೋಡಿರಲಿಲ್ಲ. ಈಗ ಅವಳೇ ಕೇಳಿದಳು: "ಚೀಲ ಹೊರೋ ಹಮಾಲರೂ ಅದರ ಕೆಳಗ ಹಾದು ಬರ್ತಾರಲ್ರಿ. ಅವರದು?"

ಅರಸ್ ಪರದೆಯ ಮೇಲೆ ಬೆರಳಾಡಿಸಿದರು. "ಅವರದು ಇದ್ದ ಹಾಗೇ ಇದೆ. ಅದೇ ಗೇಟು, ಅದೇ ಧೂಳು. ಅವರು ಮಾಡದ್ದನ್ನು ನೀವೇನಾದರೂ ಮಾಡುತ್ತೀರಾ?"

ಅವಳ ಕೈ ತಾನಾಗಿ ಸೊಂಟದ ಸಂಚಿಯ ಮೇಲೆ ಹೋಯಿತು. ಆಮೇಲೆ ಹನಿಯ ಸೀಸೆ ತೆಗೆದು ಮೇಜಿನ ಮೇಲಿಟ್ಟಳು.

ಅರಸ್ ಸೀಸೆಯ ಮೇಲಿನ ಚೀಟಿ ಓದಿ ಕಣ್ಣು ಮುಚ್ಚಿಕೊಂಡರು. "ಇದು ಸ್ಟೀರಾಯ್ಡ್. ಕಣ್ಣಿನೊಳಗೆ ಸದಾ ನೀರು ಊರುತ್ತದೆ, ಸಣ್ಣ ಜರಡಿಯಂಥ ದಾರಿಯಿಂದ ಹೊರಗೆ ಹೋಗುತ್ತದೆ. ಈ ಹನಿಯನ್ನು ವಾರಗಟ್ಟಲೆ ಹಾಕಿದರೆ ಆ ದಾರಿ ಕೆಲವರಲ್ಲಿ ತುಸು, ಕೆಲವರಲ್ಲಿ ಬಹಳ ಕಟ್ಟಿಕೊಳ್ಳುತ್ತದೆ. ನೀರು ನಿಲ್ಲುತ್ತದೆ, ಒತ್ತಡ ಏರುತ್ತದೆ, ನರ ಸಾಯುತ್ತದೆ. ನೀವು ಎಷ್ಟು ದಿನದಿಂದ ಹಾಕುತ್ತಿದ್ದೀರಿ?"

"ಆರು ವರ್ಷ."

"ಮೊದಲ ದಿನದಿಂದಲೂ ನಿಮ್ಮ ಒತ್ತಡ ಹೆಚ್ಚೇ ಇದೆ. ಪರೀಕ್ಷೆಗೆ ಬನ್ನಿ ಅಂತ ಎರಡು ಸಲ ಚೀಟಿ ಕಳಿಸಿದ್ದೆವು."

ಆ ಚೀಟಿಗಳನ್ನು ಅವಳು ಒಲೆಗೆ ಹಾಕಿದ್ದಳು. "ನನಗ ಚಂದಾಗಿ ಕಾಣತೈತ್ರಿ. ಸೂಜಿಗೆ ದಾರ ಪೋಣಸ್ತೀನಿ."

"ನಡುವಿನ ನೋಟ ಕೊನೆಗೆ ಹೋಗುವುದು. ಬಲಗಣ್ಣು ಮುಚ್ಚಿ, ನನ್ನ ಮೂಗನ್ನೇ ನೋಡಿ." ಅವರು ಬೆರಳನ್ನು ಪಕ್ಕದಲ್ಲಿ ಮೆಲ್ಲಗೆ ಸರಿಸುತ್ತಾ ಹೋದರು. "ಬೆರಳು ಕಾಣುತ್ತಿದೆಯಾ?"

"ಯಾವ ಬೆರಳು?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಅರ್ಥವಾಯಿತು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಇಷ್ಟು ದಿನ ಮುಚ್ಚಿಟ್ಟಿತ್ತು.

"ಇದು ತಿರುಗಿ ಬರತೈತೇನ್ರಿ?"

"ಹೋದದ್ದು ಬರುವುದಿಲ್ಲಮ್ಮ. ಉಳಿದದ್ದನ್ನು ಔಷಧದಿಂದ ಉಳಿಸಿಕೊಳ್ಳಬಹುದು."

"ಉಳಿದ ಹೆಣ್ಮಕ್ಕಳದು?"

"ಈಗಲೇ ನಿಲ್ಲಿಸಿದರೆ ಒತ್ತಡ ಇಳಿಯಬೇಕು. ಎರಡು ತಿಂಗಳಷ್ಟೇ ಅಲ್ಲವೇ?"

ಅರಸ್ ತಾವೇ ಹೇಳುತ್ತೇನೆ ಎಂದರು. ಅವಳು ಒಪ್ಪಲಿಲ್ಲ. ತಮ್ಮ ಗೋದಾಮಿಗೆ ಹೋಗಿ ಮೆಣಸಿನಕಾಯಿ ರಾಶಿಯ ಮುಂದೆ ನಿಂತು, "ನಾನ ಹಾಕಿದ ಹನಿ. ನನ್ನಿಂದ ಆಗೇತಿ," ಎಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಯಾರೂ ಬೈಯಲಿಲ್ಲ. ರೇಣವ್ವ ಮಾತ್ರ ಎದ್ದು ಹೋಗಿ ದೂರದ ರಾಶಿಯ ಹತ್ತಿರ ಕುಳಿತಳು. ಮುಂದೆಯೂ ಅವಳು ಅಲ್ಲಿಯೇ ಕುಳಿತುಕೊಂಡಳು.

ಆರು ವಾರಗಳಲ್ಲಿ ಹದಿನಾರು ಮಂದಿಯ ಒತ್ತಡ ಮೊದಲಿನಂತಾಯಿತು. ಇಳಿಯದ ಇಬ್ಬರಿಗೆ ಔಷಧ ಬೇಕಾಯಿತು; ಅವರಲ್ಲಿ ರೇಣವ್ವನೂ ಒಬ್ಬಳು.

ಅರಸ್ ವರದಿ ಹಿಡಿದು ಮತ್ತೆ ಬಂದಾಗ ಫಕ್ಕೀರವ್ವ ಅದನ್ನು ಓದಿಸಿ ಕೇಳಿದಳು. ಯಂತ್ರದಲ್ಲಿ ದೋಷವಿಲ್ಲ, ಒತ್ತಡ ಏರಿದ್ದಕ್ಕೆ ಕಾರಣ ಸ್ಟೀರಾಯ್ಡ್ ಹನಿ ಎಂದು ಅದರಲ್ಲಿತ್ತು.

"ಅರ್ಧಾ ಬರದೀರಿ ಸಾಹೇಬ್ರ," ಎಂದಳು ಅವಳು. "ಆ ಹೆಣ್ಮಕ್ಕಳು ಹನಿ ಯಾಕ ಹಾಕ್ಕೊಂಡ್ರು? ಕಣ್ಣು ಕೆಂಪಿದ್ರ ನಿಮ್ಮ ಕಮಾನು ಹಿಡದು ಕೊಡತೈತಿ ಅಂತ. ಅದನ್ನ ಯಾಕ ತಂದು ನಿಲ್ಲಿಸೀವಿ ಅಂತ ನೀವು ಒಬ್ಬರಿಗರ ಕುಂತು ಹೇಳಿದ್ರೇನು?"

ಕಣ್ಣು ಉಳಿಸಲು ಕಟ್ಟಿದ ಯಂತ್ರ ಹದಿನೆಂಟು ಜೋಡಿ ಕಣ್ಣುಗಳಿಗೆ ವಿಷ ಹಾಕಿಸಿತ್ತು, ಒಂದು ಕಿರಣವನ್ನೂ ತಪ್ಪಾಗಿ ಬಿಡದೆ. ಅರಸ್ ಪೆನ್ನು ತೆಗೆದು 'ದೋಷವಿಲ್ಲ' ಎಂಬುದನ್ನು ಹೊಡೆದು ಹಾಕಿದರು; ಕಾರಣದ ಸಾಲಿನ ಕೆಳಗೆ ಇನ್ನೊಂದು ಪದ ಸೇರಿಸಿದರು.

"ಏನ್ ಬರದ್ರಿ?"

"ಹೆದರಿಕೆ."

"ಹೂಂ," ಎಂದಳು ಫಕ್ಕೀರವ್ವ. "ಈಗ ಪೂರಾ ಆತು."